280ರ ಗೆರೆಯೊಳಗೆ ಬೆಳೆದ ಕಾರು

ಮನೆಮಂದಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗಿಬರುವ ನಾಲ್ಕು ಬಾಗಿಲಿನ ಕಾರಿಗೆ ರೇಸಿನ ಎಂಜಿನ್ ಏಕೆ ಬೇಕು? 1992ರ ಅಕ್ಟೋಬರ್‌ನಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ ‘ಲ್ಯಾನ್ಸರ್ ಎವಲ್ಯೂಷನ್’ ಕಾರನ್ನು ಹೊರತಂದಿತು. ಮರು ತಿಂಗಳೇ ಸುಬಾರು ಕಂಪನಿ ‘ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್’ ಕಾರನ್ನು ರಸ್ತೆಗಿಳಿಸಿತು. ಎರಡೂ ನೋಟಕ್ಕೆ ಸಂಸಾರಸ್ಥರ ಕಾರುಗಳೇ. ಆದರೆ ಒಳಗಿದ್ದುದು ಎರಡು ಲೀಟರಿನ ಟರ್ಬೊ ಎಂಜಿನ್. ಮೊದಲನೆಯದರ ಬಲ 250 ಅಶ್ವಶಕ್ತಿ, ಎರಡನೆಯದರದು 240. ಆಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಮಾರುತಿ 800ರ ಬಲ 40 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ ಎಂಬುದನ್ನು ನೆನೆದರೆ ಅಂತರ ತಿಳಿದೀತು.

ಉತ್ತರ ಇರುವುದು ರ‍್ಯಾಲಿ ಸ್ಪರ್ಧೆಯ ನಿಯಮಗಳಲ್ಲಿ. 1980ರಲ್ಲಿ ಜರ್ಮನಿಯ ಆಡಿ ಕಂಪನಿ ಟರ್ಬೊ ಎಂಜಿನ್ನನ್ನೂ ನಾಲ್ಕು ಚಕ್ರಗಳ ಚಾಲನೆಯನ್ನೂ ‘ಕ್ವಾಟ್ರೊ’ ಎಂಬ ಕಾರಿನಲ್ಲಿ ಒಂದುಗೂಡಿಸಿತು. ಹಿಮ, ಕೆಸರು, ಜಲ್ಲಿಕಲ್ಲಿನ ಹಾದಿಗಳಲ್ಲಿ ಎರಡು ಚಕ್ರದ ಚಾಲನೆಯ ಕಾರುಗಳು ಅದರ ಮುಂದೆ ಸಪ್ಪಗಾದವು. ಕೇವಲ 200 ಕಾರು ತಯಾರಿಸಿದರೂ ಸಾಕೆಂಬ ‘ಗ್ರೂಪ್ ಬಿ’ ನಿಯಮ ಬಂದ ಮೇಲಂತೂ ಶಕ್ತಿಯ ಪೈಪೋಟಿಗೆ ಲಗಾಮೇ ಇಲ್ಲದಂತಾಯಿತು. 1986ರಲ್ಲಿ ಪೋರ್ಚುಗಲ್ ರ‍್ಯಾಲಿಯ ಕಾರೊಂದು ಜನರ ಮೇಲೆ ನುಗ್ಗಿ ಪ್ರೇಕ್ಷಕರು ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಅಪಘಾತಕ್ಕೆ ಬಲಿಯಾದರು. ಗ್ರೂಪ್ ಬಿಗೆ ತೆರೆಬಿತ್ತು.

1987ರಿಂದ ‘ಗ್ರೂಪ್ ಎ’ ಕಾರುಗಳ ಕಾಲ. ಸ್ಪರ್ಧೆಗಿಳಿಯುವ ಮಾದರಿಯ 5,000 ಕಾರುಗಳನ್ನು ಕಂಪನಿ ತಯಾರಿಸಲೇಬೇಕಿತ್ತು. ಮುಂದೆ ಈ ಸಂಖ್ಯೆ 2,500ಕ್ಕೆ ಇಳಿಯಿತು. ಗೆಲ್ಲಬೇಕಾದರೆ ರ‍್ಯಾಲಿಗೆ ಒಗ್ಗುವ ಕಾರನ್ನು ಮೊದಲು ಗ್ರಾಹಕನಿಗೆ ಮಾರಬೇಕು! ಸಾಮಾನ್ಯ ಸೆಡಾನನ್ನು ರಸ್ತೆಗೂ ಸ್ಪರ್ಧೆಗೂ ಹೊಂದುವಂತೆ ಮಾರ್ಪಡಿಸುವ ಕೆಲಸ ಹೀಗೆ ಕಾರ್ಖಾನೆಯಲ್ಲೇ ನಡೆಯಿತು.

ಟರ್ಬೊದ ತತ್ವ ಸರಳ. ಎಂಜಿನ್ ಹೊರಹಾಕುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತುಗಳಲ್ಲಿ ತಿರುಗಿಸುತ್ತದೆ. ಅದರ ಜೊತೆಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಇಂಧನ ಹೆಚ್ಚು ಉರಿಯುತ್ತದೆ, ಶಕ್ತಿಯೂ ಏರುತ್ತದೆ. ಒತ್ತಡವನ್ನು ತುಸು ಏರಿಸಿದರೆ ಇನ್ನಷ್ಟು ಶಕ್ತಿ. ಕಾರು ಕೊಂಡವರಿಗೆ ಮೊದಲು ಕಣ್ಣಿಗೆ ಬೀಳುವ ಆಮಿಷವೇ ಇದು.

ಆದರೆ ಕಾರ್ಖಾನೆಗಳು ಹಿಡಿದ ದಾರಿ ಬೇರೆ. ರಸ್ತೆ ಕಾರಿನ ಶಕ್ತಿ 280 ದಾಟಬಾರದೆಂದು 1989ರಿಂದ ಜಪಾನಿನ ಕಂಪನಿಗಳ ನಡುವೆ ಒಂದು ಒಳಒಪ್ಪಂದವಿತ್ತು. 2004ರವರೆಗೂ ಅದು ನಡೆಯಿತು. ನಾಲ್ಕನೆಯ ಎವಲ್ಯೂಷನ್ 1996ರಲ್ಲೇ ಈ ಗೆರೆಯನ್ನು ಮುಟ್ಟಿತು. ಆಮೇಲೆ ಐದು, ಆರು, ಏಳು, ಎಂಟನೆಯ ಮಾದರಿಗಳು ಬಂದವು. ಕಾಗದದ ಮೇಲಿನ ಅಂಕಿ ಮಾತ್ರ 280ರಲ್ಲೇ ನಿಂತಿತ್ತು. ಹಾಗಾದರೆ ಬದಲಾದದ್ದೇನು? ನಾಲ್ಕನೆಯದರಲ್ಲಿ ತಿರುವಿನಲ್ಲಿ ಹಿಂದಿನ ಎಡಬಲ ಚಕ್ರಗಳಿಗೆ ಬಲವನ್ನು ಹಂಚುವ ಸಾಧನ ಬಂತು. 1998ರ ಐದನೆಯದರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿತು, ದೊಡ್ಡ ಬ್ರೆಂಬೊ ಬ್ರೇಕುಗಳು ಕೂತವು. 2001ರ ಏಳನೆಯದರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಹಂಚಿಕೆಯನ್ನೂ ಎಲೆಕ್ಟ್ರಾನಿಕ್ ನಿಯಂತ್ರಣ ನೋಡಿಕೊಂಡಿತು. ಶಕ್ತಿಯ ಬಾಗಿಲು ಮುಚ್ಚಿದ್ದರಿಂದ ಎಂಜಿನಿಯರುಗಳ ಬುದ್ಧಿ ಹಿಡಿತ, ತಿರುವು, ತಡೆಗಳತ್ತ ಹರಿಯಿತು.

ಸ್ಪರ್ಧೆಯಲ್ಲೂ ಇದೇ ಕಥೆ. 1995ರಿಂದ ರ‍್ಯಾಲಿ ಕಾರಿನ ಟರ್ಬೊ 34 ಮಿಲಿಮೀಟರಿನ ಕಿಂಡಿಯ ಮೂಲಕವೇ ಉಸಿರಾಡಬೇಕಿತ್ತು. ಶಕ್ತಿ ಸುಮಾರು 300ರ ಆಸುಪಾಸಿನಲ್ಲೇ ಉಳಿಯಿತು. ಕಾಲಿನ್ ಮೆಕ್ರೇ 1995ರಲ್ಲಿ ಇಂಪ್ರೆಜಾದಲ್ಲಿ, ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ಲ್ಯಾನ್ಸರ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ಇಂಥ ಕಾರುಗಳಿಂದಲೇ.

ಖಾಸಗಿ ಕಾರ್ಯಾಗಾರಗಳಲ್ಲಿ ಕಾರು ಮಾರ್ಪಡಿಸುವವರು ಈ ಪಾಠವನ್ನು ಹಲವು ಬಾರಿ ನಷ್ಟ ತೆತ್ತು ಕಲಿತಿದ್ದಾರೆ. ಟರ್ಬೊ ಒತ್ತಡ ಏರಿಸಿದರೆ ಗಾಳಿ ಕಾಯುತ್ತದೆ. ಅದನ್ನು ತಣಿಸಲು ದೊಡ್ಡ ಇಂಟರ್‌ಕೂಲರ್ ಬೇಕು. ಗಾಳಿಗೆ ತಕ್ಕ ಇಂಧನ ಒದಗಿಸಲು ಪಂಪು, ಇಂಜೆಕ್ಟರು, ಕಂಪ್ಯೂಟರಿನ ಲೆಕ್ಕಾಚಾರ ಎಲ್ಲವೂ ಬದಲಾಗಬೇಕು. ಲೆಕ್ಕ ತಪ್ಪಿದರೆ ಇಂಧನ ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ ಒಡೆಯುತ್ತದೆ. ಎರಡು ಚಕ್ರದ ಚಾಲನೆಯಲ್ಲಿ ಶಕ್ತಿ ಮಿತಿಮೀರಿದರೆ ಚಕ್ರ ಜಾರಿ ತಿರುಗುತ್ತದೆ. ಅದೊಂದು ಬಗೆಯ ಫ್ಯೂಸ್ ಇದ್ದಂತೆ. ನಾಲ್ಕೂ ಚಕ್ರಗಳು ನೆಲವನ್ನು ಕಚ್ಚಿ ಹಿಡಿದಾಗ ಆ ಹೊಡೆತ ಕ್ಲಚ್ಚಿಗೂ ಗೇರುಗಳ ಹಲ್ಲಿಗೂ ಬೀಳುತ್ತದೆ. ಬ್ರೇಕಿನ ಮಾತಂತೂ ಹೇಳಬೇಕಿಲ್ಲ. ಗಂಟೆಗೆ 100 ಕಿ.ಮೀ. ಬದಲು 140ರಲ್ಲಿ ಓಡುವ ಕಾರನ್ನು ನಿಲ್ಲಿಸಲು ಅದು ನುಂಗಬೇಕಾದ ಶಾಖ ಸುಮಾರು ಎರಡರಷ್ಟು.

ಕಣಕ್ಕೆ ಒಳ್ಳೆಯದು ರಸ್ತೆಗೂ ಒಳ್ಳೆಯದೆಂದೇನಿಲ್ಲ. ಕಣದ ಟೈರು ಮಳೆನೀರಿನಲ್ಲಿ ಜಾರುತ್ತದೆ. ಗಡಸು ಸ್ಪ್ರಿಂಗು ಗುಂಡಿಬಿದ್ದ ರಸ್ತೆಯಲ್ಲಿ ಚಕ್ರವನ್ನು ನೆಲದಿಂದಲೇ ಎತ್ತುತ್ತದೆ. ದೊಡ್ಡ ಟರ್ಬೊ ಊರೊಳಗಿನ ನಿಧಾನಗತಿಯಲ್ಲಿ ನಿದ್ದೆಹೋಗಿ, ಬೇಡದ ಹೊತ್ತಿನಲ್ಲಿ ಎದ್ದು ನುಗ್ಗುತ್ತದೆ. 1973ರಲ್ಲಿ ಹುಟ್ಟಿದ ಜಪಾನಿನ ಎಚ್‌ಕೆಎಸ್ ಸಂಸ್ಥೆ 2007ರಲ್ಲಿ ತಾನು ಸಜ್ಜುಗೊಳಿಸಿದ ಎವಲ್ಯೂಷನ್ನಿನಿಂದ ತ್ಸುಕುಬಾದ 2 ಕಿ.ಮೀ. ಕಣವನ್ನು 54 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಸುತ್ತಿಸಿತು. ಆ ಕಾರಿಗೂ ತರಕಾರಿ ತರಲು ಹೋಗುವ ಕಾರಿಗೂ ಹೆಸರೊಂದೇ ಸಮಾನ.

ಕಾನೂನು ಕೂಡ ಈ ಗೆರೆಯನ್ನು ಕಾಯುತ್ತದೆ. ಜಪಾನಿನಲ್ಲಿ ಹೊಸ ಕಾರು ಮೂರು ವರ್ಷಕ್ಕೆ, ಅನಂತರ ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ಬಿಡಿಭಾಗ ಬದಲಾವಣೆಯ ನಿಯಮಗಳು 1995ರಲ್ಲಿ ಸಡಿಲಗೊಂಡರೂ ತಪಾಸಣೆ ತಪ್ಪಲಿಲ್ಲ. ಭಾರತದಲ್ಲಿ ಕಟ್ಟಳೆ ಬಿಗಿಯಾದದ್ದು. 2010ರಲ್ಲಿ ಹತ್ತನೆಯ ಎವಲ್ಯೂಷನ್ ಇಲ್ಲಿಗೂ ಬಂತು. ಆದರೆ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಎವಲ್ಯೂಷನ್ ತಯಾರಿಕೆ 2016ರಲ್ಲಿ ನಿಂತಿತು. ಸುಬಾರುವಿನ ಎಸ್‌ಟಿಐ ಮಾದರಿಗೆ 2021 ಕೊನೆಯ ವರ್ಷವಾಯಿತು. ಉಳಿದ ಕಾರುಗಳು ಇಂದಿಗೂ ಕೈ ಬದಲಾಗುತ್ತಿವೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಮಾತ್ರ ಹಳೆಯದೇ: ಎಷ್ಟು ಅಶ್ವಶಕ್ತಿ? ಆ ಅಂಕಿಯನ್ನು ಎಂಟು ವರ್ಷ ಕದಲಿಸದೆ ಕಾರನ್ನು ಚುರುಕುಗೊಳಿಸುತ್ತಲೇ ಹೋದವರು ಕೇಳಿಕೊಂಡದ್ದು ಬೇರೆಯೇ: ಇದು ಹೇಗೆ ತಿರುಗುತ್ತದೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ?