ಲೂಯಿಸ್ ದ ಮೊಂತಾಲ್ವೋರ್

ಲೂಯಿಸ್ ದ ಮೊಂತಾಲ್ವೋರ್ (1891-1947) ಪೋರ್ಚುಗೀಸ್ ಕವಿ, ಸಂಪಾದಕ ಮತ್ತು ಪ್ರಕಾಶಕ. ಅಂದು ಪೋರ್ಚುಗಲ್ಲಿನ ವಸಾಹತಾಗಿದ್ದ ಕೇಪ್ ವರ್ಡಿ ದ್ವೀಪಗಳಲ್ಲಿ ಜನಿಸಿದ ಈತನ ನಿಜನಾಮ ಲೂಯಿಸ್ ದ ಸಿಲ್ವ ರಾಮೋಸ್. ಸಮಕಾಲೀನ ಕವಿಗಳಾದ ಫೆರ್ನಾಂಡೊ ಪೆಸ್ಸೋವ, ಮಾರಿಯೊ ದ ಸಾ-ಕಾರ್ನೇರೊ ಅವರ ಕೀರ್ತಿಯ ಮರೆಯಲ್ಲಿ ಉಳಿದರೂ, ಆ ಪೀಳಿಗೆಗೆ ಮೊದಲ ವೇದಿಕೆ ಕಟ್ಟುವಲ್ಲಿಯೂ ಮುಂದೆ ಅದರ ಕಾವ್ಯವನ್ನು ಸಂಗ್ರಹಿಸಿ ಓದುಗರಿಗೆ ತಲುಪಿಸುವಲ್ಲಿಯೂ ಈತನ ಪಾತ್ರ ಹಿರಿದು.

ಬ್ರೆಜಿಲಿನ ಪೋರ್ಚುಗೀಸ್ ರಾಯಭಾರ ಕಚೇರಿಯಲ್ಲಿ ಕೆಲಸಮಾಡಿ 1915ರಲ್ಲಿ ಲಿಸ್ಬನ್ನಿಗೆ ಮರಳಿದ ಮೊಂತಾಲ್ವೋರ್, ಅದೇ ವರ್ಷದ ಮಾರ್ಚಿನಲ್ಲಿ ಹೊರಬಂದ 'ಆರ್ಫೆಯು' ತ್ರೈಮಾಸಿಕದ ಮೊದಲ ಸಂಚಿಕೆಗೆ ಪೋರ್ಚುಗಲ್ಲಿನ ನಿರ್ದೇಶಕನಾದ. ಬ್ರೆಜಿಲಿನ ಪರವಾಗಿ ಕವಿ ರೊನಾಲ್ಡ್ ದ ಕರ್ವಾಲ್ಯೊ ಆ ಹೊಣೆ ಹೊತ್ತಿದ್ದ. ಕಲೆ ಜನಪ್ರಿಯ ಅಭಿರುಚಿಗೆ ತಲೆಬಾಗದೆ ಕೆಲವೇ ಸಮಾನಮನಸ್ಕರ ಆಂತರಿಕ ಸಾಧನೆಯಾಗಬೇಕೆಂಬ ನಿಲುವನ್ನು ಮೊಂತಾಲ್ವೋರ್ ಅದರ ಪ್ರಸ್ತಾವನೆಯಲ್ಲಿ ಮಂಡಿಸಿದ. ವೃತ್ತಪತ್ರಿಕೆಗಳು ಈ ಸಂಚಿಕೆಯನ್ನು ಹುಚ್ಚರ ಬರಹವೆಂದು ಹಳಿದವು. ಎರಡನೆಯ ಸಂಚಿಕೆಯನ್ನು ಪೆಸ್ಸೋವ ಮತ್ತು ಸಾ-ಕಾರ್ನೇರೊ ನಿರ್ದೇಶಿಸಿದರು. ಸಾ-ಕಾರ್ನೇರೊನ ತಂದೆಯಿಂದ ಬರುತ್ತಿದ್ದ ಹಣ ನಿಂತದ್ದರಿಂದ ಮೂರನೆಯದು ಕರಡಚ್ಚಿನ ಹಂತದಲ್ಲೇ ಉಳಿಯಿತು.

ಮೊಂತಾಲ್ವೋರನ ಕವಿತೆಗಳು ಸಂಖ್ಯೆಯಲ್ಲಿ ಕಡಿಮೆ. ಅನುಭವವನ್ನು ನೇರವಾಗಿ ಹೇಳದೆ ನಾದ ಮತ್ತು ಪ್ರತಿಮೆಗಳಿಂದ ಸೂಚಿಸುವ ಸಂಕೇತವಾದ ಅವುಗಳ ನೆಲೆಗಟ್ಟು; 'ಆರ್ಫೆಯು'ವಿನ ಎರಡನೆಯ ಸಂಚಿಕೆಯಲ್ಲಿ ಬಂದ 'ನಾರ್ಸಿಸೊ' ಇದಕ್ಕೆ ನಿದರ್ಶನ. 1916ರಲ್ಲಿ ಈತ ಹೊರತಂದ 'ಸೆಂತೌರೊ' ಒಂದೇ ಸಂಚಿಕೆಗೆ ನಿಂತರೂ, ಮಕಾವುವಿನಲ್ಲಿ ನೆಲೆಸಿದ್ದ ಸಂಕೇತವಾದಿ ಕವಿ ಕಮಿಲೊ ಪೆಸ್ಸಾನ್ಯನ ಕವಿತೆಗಳ ಗುಚ್ಛವೊಂದನ್ನು, ಆತನ ಸಂಕಲನ 'ಕ್ಲೆಪ್ಸಿದ್ರ' (1920) ಬರುವ ಮೊದಲೇ, ಪೆಸ್ಸೋವನ ಸುನೀತಗಳ ಜೊತೆಗೆ ಪ್ರಕಟಿಸಿತು. ಹೀಗೆ ಹಿಂದಿನ ಪೀಳಿಗೆಯ ಸಂಕೇತವಾದವೂ ಹೊಸ ಕಾವ್ಯವೂ ಒಂದೇ ಪತ್ರಿಕೆಯಲ್ಲಿ ಎದುರುಬದುರಾದವು.

ಪೆಸ್ಸೋವ 1935ರಲ್ಲಿ ತೀರಿಕೊಂಡಾಗ ಆತನ ಬರಹದ ಬಹುಭಾಗ ಹಸ್ತಪ್ರತಿಗಳಲ್ಲೂ ಪತ್ರಿಕೆಗಳಲ್ಲೂ ಚದುರಿತ್ತು. ತಾನು ಸ್ಥಾಪಿಸಿದ ಆತಿಕ ಪ್ರಕಾಶನದ ಮೂಲಕ ಮೊಂತಾಲ್ವೋರ್, ವಿಮರ್ಶಕ ಜೊವಾಂವ್ ಗಸ್ಪಾರ್ ಸಿಮೊಯಿಂಶ್ ಜೊತೆಗೂಡಿ, 1942ರಲ್ಲಿ ಪೆಸ್ಸೋವನ ಸಮಗ್ರ ಕೃತಿಗಳ ಮಾಲೆಯನ್ನು ಆರಂಭಿಸಿದ. ಪೆಸ್ಸೋವ ಒಬ್ಬೊಬ್ಬರಿಗೂ ಅವರದೇ ಜೀವನಚರಿತ್ರೆ ಮತ್ತು ಶೈಲಿ ಕೊಟ್ಟು ಸೃಷ್ಟಿಸಿದ ಕಲ್ಪಿತ ಕವಿಗಳಾದ ಆಲ್ವರೊ ದ ಕಾಂಪೋಸ್ (1944), ಅಲ್ಬೆರ್ತೊ ಕಯೇರೊ ಮತ್ತು ರಿಕಾರ್ದೊ ರೇಯಿಸ್ (1946) ಅವರ ಹೆಸರಿನ ಕವಿತೆಗಳು ಈ ಮಾಲೆಯಲ್ಲಿ ಪ್ರತ್ಯೇಕ ಸಂಪುಟಗಳಾದವು.

1947ರಲ್ಲಿ ಮೊಂತಾಲ್ವೋರ್ ಪತ್ನಿ ಹಾಗೂ ಮಗನೊಡನೆ ಇದ್ದ ಕಾರು ಲಿಸ್ಬನ್ನಿನಲ್ಲಿ ತೇಜೊ ನದಿಗೆ ಬಿದ್ದು ಮೂವರೂ ಸಾವಿಗೀಡಾದರು. ಮುಂದಿನ ವಿದ್ವಾಂಸರು ಹಸ್ತಪ್ರತಿಗಳನ್ನು ಮತ್ತೆ ಪರಿಶೀಲಿಸಿ ಆತಿಕ ಸಂಪುಟಗಳ ಪಾಠವನ್ನು ಅನೇಕ ಕಡೆ ತಿದ್ದಿದ್ದಾರೆ; ಆದರೂ ಹಲವು ದಶಕಗಳ ಕಾಲ ಪೋರ್ಚುಗೀಸ್ ಓದುಗರು ಪೆಸ್ಸೋವನನ್ನು ಅರಿತದ್ದು ಮುಖ್ಯವಾಗಿ ಆ ಸಂಪುಟಗಳಿಂದಲೇ.