ತಂಬೂರಿಯ ಜಾಗ: ಖಯಾಲ್ ಧ್ವನಿಮುದ್ರಿಕೆಯ ಸ್ಟೀರಿಯೊ ಮತ್ತು ಸರೌಂಡ್ ರೂಪಗಳನ್ನು ಹೋಲಿಸುವ ಬಗೆ

ಒಂದೇ ಆಲ್ಬಂ ಸ್ಟೀರಿಯೊದಲ್ಲೂ ಸರೌಂಡ್‌ನಲ್ಲೂ ದೊರೆತಾಗ ಯಾವುದರ ಧ್ವನಿ ಉತ್ತಮ ಎಂದು ಕೇಳುವುದು ಸಹಜ. ಈ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಸ್ಪೀಕರ್‌ಗಳ ಸಂಖ್ಯೆಗೆ ಸಂಬಂಧಿಸಿದವಲ್ಲ ಎಂಬುದು ಈ ಲೇಖನದ ವಾದ. ಕೇಳುಗ ಮೆಚ್ಚುವುದು ಬೇರೊಂದು ಮಿಶ್ರಣವನ್ನು, ಬೇರೊಂದು ಮಾಸ್ಟರಿಂಗನ್ನು, ಬಹಳ ಸಲ ಬರೀ ಹೆಚ್ಚಿನ ಗಟ್ಟಿತನವನ್ನು. ಶ್ರೇಯಸ್ಸು ಮಾತ್ರ ಸರೌಂಡ್‌ಗೋ ಸ್ಟೀರಿಯೊಗೋ ಹೋಗುತ್ತದೆ.

ಈ ಚರ್ಚೆಗೆ ಪುಣೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರುವರ್ಷವೇ ಇಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಅವರ ಶಿಷ್ಯ ಭೀಮಸೇನ ಜೋಶಿ ದಶಕಗಳ ಕಾಲ ಆ ಉತ್ಸವವನ್ನು ನಡೆಸಿದರು. ಅದೇ ಊರಿನಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೊ ಆವರಣದಲ್ಲಿ 1960ರಲ್ಲಿ ಹುಟ್ಟಿದ ಚಲನಚಿತ್ರ ತರಬೇತಿ ಸಂಸ್ಥೆ ಧ್ವನಿಗ್ರಹಣವನ್ನು ಒಂದು ವಿದ್ಯೆಯಾಗಿ ಕಲಿಸುತ್ತದೆ. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಅಲ್ಲಿ ಕಲಿತವರು. ಈ ಗುರುಶಿಷ್ಯರ ಕಿರಾಣಾ ಘರಾನೆಯ ಕಿವಿಯೂ ಸಿನಿಮಾ ಧ್ವನಿಯ ಕಿವಿಯೂ ಇಷ್ಟು ಹತ್ತಿರದಲ್ಲಿರುವ ಊರು ಅಪರೂಪ. ಇವೆರಡೂ ಒಂದೇ ಕೋಣೆಯಲ್ಲಿ ಕೂತು ಕೇಳಿದ್ದು ಮಾತ್ರ ಕಡಿಮೆ.

ಮೊದಲು ಒಂದು ಹೊರಗಿನ ಉದಾಹರಣೆ. ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ 1973ರಲ್ಲಿ ಸ್ಟೀರಿಯೊದಲ್ಲಿ ಬಂತು. ಅದರ ನಾಲ್ಕು ವಾಹಿನಿಗಳ ಮಿಶ್ರಣವನ್ನು ಮಾಡಿದವರು ಅಲನ್ ಪಾರ್ಸನ್ಸ್. 2003ರಲ್ಲಿ ಎಸ್‌ಎಸಿಡಿ ಎಂಬ ಉನ್ನತ ಗುಣಮಟ್ಟದ ಡಿಸ್ಕಿಗಾಗಿ 5.1 (ಮುಂದೆ ಮೂರು, ಹಿಂದೆ ಎರಡು ವಾಹಿನಿ, ಜೊತೆಗೆ ಮಂದ್ರಕ್ಕೊಂದು) ಮಿಶ್ರಣ ಮಾಡಿದವರು ಜೇಮ್ಸ್ ಗತ್ರಿ. ಮೂಲ ಟೇಪು ಒಂದೇ. ಮೂವತ್ತು ವರ್ಷಗಳ ಅಂತರದಲ್ಲಿ ಬೇರೆ ಕೈಗಳು, ಬೇರೆ ಉಪಕರಣ, ಬೇರೆ ಅಭಿರುಚಿ ಅದರ ಮೇಲೆ ಕೆಲಸ ಮಾಡಿವೆ. ಇವುಗಳಲ್ಲಿ ಒಂದನ್ನು ಮೆಚ್ಚಿದವನು ವಾಹಿನಿಗಳ ಸಂಖ್ಯೆಯನ್ನೇ ಮೆಚ್ಚಿದ ಎನ್ನಲು ಆಧಾರವಿಲ್ಲ. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೊಗಳ ಧ್ವನಿಯನ್ನು ನಡುವೆ ಸಿಡಿಯ ಗುಣಮಟ್ಟಕ್ಕೆ ಇಳಿಸಿ ಕೇಳಿಸಿದಾಗ, 554 ಪ್ರಯತ್ನಗಳಲ್ಲಿ ಸರಿಯಾಗಿ ಗುರುತಿಸಿದ್ದು 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಆದರೂ ಆ ಡಿಸ್ಕುಗಳು ಮಾಮೂಲಿ ಸಿಡಿಗಳಿಗಿಂತ ಚೆನ್ನಾಗಿ ಕೇಳುವುದುಂಟು ಎಂದು ಅವರೇ ಒಪ್ಪುತ್ತಾರೆ. ಅದಕ್ಕೆ ಅವರು ಕೊಡುವ ಕಾರಣ, ಹೆಚ್ಚು ಕಾಳಜಿಯಿಂದ ಮಾಡಿದ ಮಾಸ್ಟರಿಂಗ್.

ಗಟ್ಟಿತನದ ವಿಷಯ ಬೇಗ ಮುಗಿಸಬಹುದು. ಡಾಲ್ಬಿ ಅಟ್ಮಾಸ್ ಸಂಗೀತಕ್ಕೆ ಮೈನಸ್ 18 ಎಲ್‌ಕೆಎಫ್‌ಎಸ್ (ಎಲ್‌ಕೆಎಫ್‌ಎಸ್ ಗಟ್ಟಿತನದ ಅಳತೆ) ಎಂಬ ಮಿತಿ ಇದೆ. ಸ್ಟೀರಿಯೊ ಮಾಸ್ಟರುಗಳಿಗೆ ಅಂಥ ಕಡಿವಾಣವಿಲ್ಲದೆ ಹಲವು ಮೈನಸ್ 10ರ ಆಸುಪಾಸಿನಲ್ಲಿರುತ್ತವೆ. ಸರಿಹೊಂದಿಸದೆ ಕೇಳಿಸಿದರೆ ಗಟ್ಟಿಯಾದದ್ದೇ ಗೆಲ್ಲುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸವನ್ನೂ ಕಿವಿ ಗಟ್ಟಿತನ ಎಂದು ಗುರುತಿಸದೆ ಸ್ಪಷ್ಟತೆ ಎಂದು ಭಾವಿಸಬಲ್ಲದು.

ಹಾಗಾದರೆ ವಾಹಿನಿಗಳ ಸಂಖ್ಯೆಗೆ ಸ್ವಂತ ಪರಿಣಾಮವೇ ಇಲ್ಲವೆ? ಇದೆ, ಮತ್ತು ಅದು ಗಾಯನದಲ್ಲೇ ಹೆಚ್ಚು ತೋರುತ್ತದೆ. ಸ್ಟೀರಿಯೊದಲ್ಲಿ ಗಾಯಕ ನಡುವೆ ಕೂತಂತೆ ಕೇಳುವುದು ಒಂದು ಭ್ರಮೆ. ಅಲ್ಲಿ ಸ್ಪೀಕರ್ ಇಲ್ಲ. ಎಡ ಬಲ ಎರಡೂ ಸ್ಪೀಕರ್‌ಗಳು ಒಂದೇ ಧ್ವನಿಯನ್ನು ಹೊರಡಿಸುತ್ತವೆ, ಪ್ರತಿ ಕಿವಿಗೂ ಅದು ಎರಡು ಸಲ ತಲುಪುತ್ತದೆ. ಸ್ಪೀಕರ್‌ಗಳು ನಡುಗೆರೆಯಿಂದ 30 ಡಿಗ್ರಿ ಆಚೀಚೆ ಇದ್ದರೆ, ದೂರದ ಸ್ಪೀಕರ್‌ನ ಧ್ವನಿ ತಲೆಯನ್ನು ಬಳಸಿ ಬರಲು ಸುಮಾರು 0.26 ಮಿಲಿಸೆಕೆಂಡ್ ತಡ. ಅರ್ಧ ತರಂಗದಷ್ಟು ತಡವಾದಾಗ ಎರಡೂ ಒಂದನ್ನೊಂದು ಕುಗ್ಗಿಸುತ್ತವೆ. ಲೆಕ್ಕ ಹಾಕಿದರೆ ಅದು 1,900 ಹರ್ಟ್ಜ್‌ನ ಸುತ್ತ. ತಾನಿನಲ್ಲಿ ಒಂದೊಂದು ಸ್ವರವನ್ನೂ ಬಿಡಿಸಿ ತೋರಿಸುವ ಅಂಚು ಇರುವುದು ಈ ವಲಯದಲ್ಲೂ ಇದರ ಮೇಲೂ. ಕೋಣೆಯ ಪ್ರತಿಫಲನಗಳು ಈ ತಗ್ಗನ್ನು ಸ್ವಲ್ಪ ತುಂಬುತ್ತವೆ, ಆದ್ದರಿಂದ ಧ್ವನಿ ಹೀರುವ ಸ್ಟುಡಿಯೊದಲ್ಲಿ ಅದು ಹೆಚ್ಚು ಎದ್ದು ಕಾಣುತ್ತದೆ. 5.1ರಲ್ಲಿ ನಡುವೆ ನಿಜವಾದ ಸ್ಪೀಕರ್ ಇರುವುದರಿಂದ ಈ ತಗ್ಗು ಹುಟ್ಟುವುದೇ ಇಲ್ಲ. ಹಾಗಾಗಿ ಸರೌಂಡ್‌ನಲ್ಲಿ ಗಾಯಕನ ದನಿ ಹತ್ತಿರ ಬಂತು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕಬಾರದು. ಸರೌಂಡ್‌ನ ಗಟ್ಟಿ ಲಾಭ ಸಿಕ್ಕಿದ್ದು ಹಿಂದಿನ ಸ್ಪೀಕರ್‌ಗಳಿಂದಲ್ಲ, ಮುಂದಿನ ಒಂದರಿಂದ! ಬೆಲ್ ಪ್ರಯೋಗಾಲಯದವರು 1933ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದವನ್ನು ಮೂರು ವಾಹಿನಿಗಳಲ್ಲಿ ಕೇಳಿಸಿದಾಗ ನಡುವಿನ ವಾಹಿನಿಯನ್ನು ಬಿಟ್ಟಿರಲಿಲ್ಲ. ಎರಡಕ್ಕೆ ಇಳಿಸಿದ್ದು ಎಲ್‌ಪಿ ತಟ್ಟೆಯ ಗೀರು: ಅದಕ್ಕೆ ಇರುವುದು ಎರಡೇ ಗೋಡೆ.

ಇನ್ನು ಹಿಂದಿನ ಸ್ಪೀಕರ್‌ಗಳು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಸೂಚನೆಯಂತೆ ಅವು ಕೇಳುಗನ ಎರಡು ಬದಿಗೆ 100ರಿಂದ 120 ಡಿಗ್ರಿಗಳ ನಡುವೆ ಇರಬೇಕು. ಖಯಾಲ್‌ನಲ್ಲಿ ಅಲ್ಲಿ ಏನನ್ನು ಇಡುವುದು? ಮಿಶ್ರಣ ಮಾಡುವವನ ಕೈ ಮೊದಲು ಹೋಗುವುದು ತಂಬೂರಿಗಳ ಕಡೆಗೆ. ವೇದಿಕೆಯ ಮೇಲೆ ಗಾಯಕನ ಒಂದು ಪಕ್ಕ ತಬಲಾ, ಇನ್ನೊಂದು ಪಕ್ಕ ಹಾರ್ಮೋನಿಯಂ, ಬೆನ್ನಿಗೆ ಎರಡು ತಂಬೂರಿ. ಗಾಯಕನಿಗೆ ತಂಬೂರಿ ಹಿಂದಿನಿಂದ ಕೇಳುವುದು ನಿಜ. ಆದರೆ ಅವನ ಸ್ವಂತ ದನಿ ಅವನಿಗೆ ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ. ಅದನ್ನು ಯಾವ ಸ್ಪೀಕರೂ ಕೊಡಲಾರದು. ದನಿ ಮುಂದಿನಿಂದ, ತಂಬೂರಿ ಕಿವಿಯ ಪಕ್ಕದಿಂದ ಕೇಳುವ ಜಾಗ ಬೈಠಕ್‌ನಲ್ಲಿ ಒಂದೇ: ಗುರುವಿನ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯನದು. ಆ ಶಿಷ್ಯನಿಗೂ ಗುರುವಿನ ದನಿ ಪೂರ್ತಿ ಸಿಗುವುದಿಲ್ಲ. ಎತ್ತರದ ಕಂಪನಾಂಕಗಳು ಬಾಯಿಯ ಮುಂದೆ ಹೆಚ್ಚು ಹರಡುತ್ತವೆ, ಬೆನ್ನ ಹಿಂದೆ ದನಿ ಮಂದವಾಗುತ್ತದೆ. ತಂಬೂರಿಯನ್ನು ಹಿಂದಕ್ಕೆ ಕಳಿಸಿದ ಸರೌಂಡ್ ಮಿಶ್ರಣ ಶಿಷ್ಯನ ತಂಬೂರಿಯನ್ನೂ ಮೊದಲ ಸಾಲಿನ ರಸಿಕನ ಗಾಯಕನನ್ನೂ ಒಂದೇ ಕುರ್ಚಿಗೆ ತಂದಿಡುತ್ತದೆ. ಇದು ತಪ್ಪೆಂಬುದು ನನ್ನ ಮಾತಲ್ಲ, ಕೇಳಲು ಸುಖವಾಗಿಯೇ ಇರಬಹುದು. ಸಹಜತೆಯ ಹೆಸರಿನಲ್ಲಿ ಅದಕ್ಕೆ ಹೆಚ್ಚು ಅಂಕ ಕೊಡಿಸುವುದು ಮಾತ್ರ ಸರಿಯಲ್ಲ.

ತಂಬೂರಿಯ ವಿಷಯದಲ್ಲಿ ಎಚ್ಚರ ಬೇಕಾದದ್ದಕ್ಕೆ ಇನ್ನೊಂದು ಕಾರಣ ಅದರ ಜವಾರಿ, ಅಂದರೆ ತಂತಿಯ ಝೇಂಕಾರ. ಬಾಗಿದ ಕುದುರೆಯ ಮೇಲೆ ನೂಲಿನ ಎಳೆ ಕೂಡಿಸಿ ಹದ ಮಾಡಿದ ತಂತಿ, ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಸ್ವರಾಂಶಗಳನ್ನೂ ಹೊರಡಿಸುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಮಿರಜಿನ ಕುಶಲಿಗಳು ಈ ಹದವನ್ನು ಕಿವಿಯಿಂದಲೇ ತೀರ್ಮಾನಿಸುತ್ತಾರೆ. ಆ ಸ್ವರಾಂಶಗಳು ಕ್ಷಣಕ್ಷಣಕ್ಕೆ ಏರಿಳಿಯುವುದರಿಂದ, ಮುಂದೆಯೂ ಹಿಂದೆಯೂ ಅದೇ ತಂಬೂರಿಯನ್ನು ಸ್ವಲ್ಪ ತಡಮಾಡಿ ಹರಿಸಿದರೆ ಹೊಸ ಕುಗ್ಗುವಿಕೆಗಳು ಹುಟ್ಟಿ ಜವಾರಿಯ ಬಣ್ಣ ಬದಲಾಗುತ್ತದೆ. ವಿಸ್ತಾರ ಹೆಚ್ಚುತ್ತದೆ, ನಾದ ಕೆಡುತ್ತದೆ. ರಮ್ಸಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಗುಣಮಟ್ಟದ ತೀರ್ಮಾನಕ್ಕೆ ನಾದಗುಣದ ಪಾಲು ಸುಮಾರು ಶೇಕಡಾ 70, ಜಾಗದ ಅನುಭವದ ಪಾಲು ಉಳಿದ 30. ಅವರ ಕೇಳುಗರು ಪಾಶ್ಚಾತ್ಯ ಸಾಮಗ್ರಿಯನ್ನು ಕೇಳಿದವರು. ಆಧಾರ ಷಡ್ಜದ ಮೇಲೆಯೇ ನಿಂತ ಕಿರಾಣಾ ಗಾಯನ ಶೈಲಿಯಲ್ಲಿ ನಾದದ ಪಾಲು ಇನ್ನೂ ಹೆಚ್ಚೇ ಇದ್ದೀತು ಎಂಬುದು ನನ್ನ ಊಹೆ, ಪರೀಕ್ಷಿಸಬೇಕಾದ ಊಹೆ.

ಪರೀಕ್ಷೆ ಹೇಗಿರಬೇಕು? ಬೇರೆ ಬೇರೆ ಆವೃತ್ತಿಗಳನ್ನು ಅಂಗಡಿಯಿಂದ ತಂದು ಹೋಲಿಸಬಾರದು. ಒಂದೇ ಗಾಯನವನ್ನು ಒಂದೇ ಮೈಕ್ ಜೋಡಣೆಯಿಂದ ಹಿಡಿದು 5.1 ಮಿಶ್ರಣ ಮಾಡಿ, ಅದರಿಂದಲೇ ಐಟಿಯು ಸೂತ್ರದಂತೆ ನಡುವಿನ ಮತ್ತು ಹಿಂದಿನ ವಾಹಿನಿಗಳನ್ನು 3 ಡೆಸಿಬೆಲ್ ತಗ್ಗಿಸಿ ಸೇರಿಸಿ ಸ್ಟೀರಿಯೊ ಪಡೆಯಬೇಕು. ಅದರ ಜೊತೆಗೆ ಅದೇ ಎಂಜಿನಿಯರ್ ಸ್ವತಂತ್ರವಾಗಿ ಮಾಡಿದ ಸ್ಟೀರಿಯೊ ಮಿಶ್ರಣವೂ ಬೇಕು, ಏಕೆಂದರೆ ಸೂತ್ರದಿಂದ ಇಳಿಸಿದ್ದರಲ್ಲಿ ಹಿಂದಿನ ತಂಬೂರಿ ಮುಂದಿನದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಗಟ್ಟಿತನ ಸರಿಹೊಂದಿಸುವಾಗ ಐಟಿಯು ಅಳತೆ ಹಿಂದಿನ ವಾಹಿನಿಗಳಿಗೆ 1.5 ಡೆಸಿಬೆಲ್ ಹೆಚ್ಚು ತೂಕ ಕೊಡುತ್ತದೆ ಎಂಬುದನ್ನು ಮರೆಯಬಾರದು. ಕೇಳುಗರನ್ನು ಮೂರು ಕಡೆಯಿಂದ ಕರೆಯಬಹುದು: ಧ್ವನಿಗ್ರಹಣದ ವಿದ್ಯಾರ್ಥಿಗಳು, ಖಯಾಲ್ ಕಲಿಯುವವರು, ಮಿರಜಿನ ತಂಬೂರಿ ಕೆಲಸದವರು. ನಾದ ಮತ್ತು ಜಾಗದ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಯಾವುದು ಇಷ್ಟ ಎಂಬ ಪ್ರಶ್ನೆ ಕೊನೆಗಿರಲಿ. ಇಯರ್‌ಫೋನಿನಲ್ಲಿ ಕೇಳುವ ಸರೌಂಡ್ ಮತ್ತೆ ಎರಡೇ ವಾಹಿನಿಗೆ ಇಳಿದದ್ದು. ಅದನ್ನು ಈ ಪ್ರಯೋಗಕ್ಕೆ ಬೆರೆಸುವುದು ಬೇಡ.

ಹಿಂದಿನ ಸ್ಪೀಕರ್‌ಗಳಿಗೆ ನಾನು ಕೊಡುವ ಕೆಲಸ ಬೇರೆ. ಪುಣೆಯ ಉತ್ಸವದ ಬಯಲು ಪೆಂಡಾಲಿನಲ್ಲಿ ಸಾವಿರಾರು ಜನ ಕೂತಿರುತ್ತಾರೆ. ಸಂಗೀತ ಕೂಟ ನಡೆಯುವ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಕೇಳುಗರು ಗಾಯಕನ ಮಗ್ಗುಲಲ್ಲೇ. ತಾಳದ ಸಮ್ ಬಂದಾಗ ಏಳುವ ‘ವಾಹ್’ ಪೆಂಡಾಲಿನಲ್ಲಿ ಮೊದಲ ಸಾಲಿನವನ ಬೆನ್ನಿಗೆ ತಡವಾಗಿ ತಲುಪುತ್ತದೆ: 34 ಮೀಟರ್ ಹಿಂದಿನವನದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡ. ವಾಡೆಯಲ್ಲಿ ಅದು ದನಿಯ ಜೊತೆಗೇ ಬೆರೆತು ಬರುತ್ತದೆ. ಸ್ಟೀರಿಯೊದಲ್ಲಿ ಇವೆರಡೂ ಗಾಯಕನ ಪಕ್ಕದಲ್ಲೇ ಬಂದು ಕೂರುತ್ತವೆ. ಆದ್ದರಿಂದ ಎರಡೂ ಕಡೆ ಸಭೆಗೆ ಮುಖಮಾಡಿದ ಎರಡು ಮೈಕ್‌ಗಳನ್ನು ಪ್ರತ್ಯೇಕವಾಗಿ ಮುದ್ರಿಸಿ, ಹಿಂದಿನ ವಾಹಿನಿಗಳಿಗೆ ಅವನ್ನಷ್ಟೇ ಬಿಟ್ಟು, ತಂಬೂರಿಗಳನ್ನು ಗಾಯಕನ ಬೆನ್ನಿಗೇ ಉಳಿಸಿದ ಮಿಶ್ರಣ ಈ ಪ್ರಯೋಗದ ನಾಲ್ಕನೆಯ ಮಾದರಿಯಾಗಬೇಕು.