ಇಂಚು

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳ ಕಡೆ ‘ಬೋರಿಗೆ ಎರಡ ಇಂಚ ನೀರ ಬಿದ್ದಾವ್ರಿ’ ಎಂದರೆ ಅದು ಉದ್ದದ ಮಾತಲ್ಲ. ‘ವಿ’ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ನೋಡಿ ಇಳುವರಿ ಹೇಳುವ ಲೆಕ್ಕ. ಅದೇ ರೈತ ವಿಜಯಪುರದ ಅಂಗಡಿಗೆ ಬಂದು ‘ಬತ್ತೀಸ್ ಇಂಚಿಂದು ತೋರಸ್ರಿ’ ಎಂದಾಗ ಇಂಚು ಓರೆಯಾಗುತ್ತದೆ: ಟಿವಿ ಪರದೆಯ ಮೂಲೆಯಿಂದ ಎದುರು ಮೂಲೆಗೆ.

ಮೂಲ ಲ್ಯಾಟಿನ್ನಿನ ‘ಉನ್ಕಿಯಾ’, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಅಡಿಗೆ ಹನ್ನೆರಡು ಇಂಚು ಬಂದದ್ದು ಹಾಗೆ. ‘ಔನ್ಸ್’ ಕೂಡ ಇದೇ ಬಳ್ಳಿಯದು. ಇಂಗ್ಲಿಷಿನಿಂದ ಬಂದ ಇಂಚು ನಮ್ಮ ‘ಅಂಗುಲ’ವನ್ನು ಪಠ್ಯಪುಸ್ತಕಕ್ಕೆ ತಳ್ಳಿತು. 1959ರ ಒಪ್ಪಂದದಿಂದ ಇಂಚಿನ ಅಳತೆ 2.54 ಸೆಂ.ಮೀ.

ಹಾಗಾದರೆ 32 ಇಂಚು 81 ಸೆಂ.ಮೀ. ದಾಟಬೇಕು. ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದು 80, ಅಂದರೆ ಮೂವತ್ತೊಂದೂವರೆ. ಮೋಸ ಅನ್ನುವಷ್ಟಿಲ್ಲ ಬಿಡಿ. ಆಕಾರದ ಆಟವೇ ದೊಡ್ಡದು. ಹಳೆಯ 21 ಇಂಚಿನ ಡಬ್ಬಾ ಟಿವಿ 4:3. ಪರದೆಯ ಎತ್ತರ ಸುಮಾರು 32 ಸೆಂ.ಮೀ. ಹೊಸ 32ರದ್ದು 16:9. ಅಗಲ 70, ಎತ್ತರ 39 ಮಾತ್ರ. ಹನ್ನೊಂದು ಇಂಚು ಹೆಚ್ಚಿದರೂ ಎತ್ತರ ಬೆಳೆದದ್ದು ಗೇಣಿಗಿಂತ ಕಡಿಮೆ.

ಚಿತ್ರದ ನುಣುಪನ್ನಂತೂ ಇಂಚು ಹೇಳುವುದೇ ಇಲ್ಲ. ಅದಕ್ಕೆ ಪಿಕ್ಸೆಲ್ ಕೇಳಬೇಕು: ‘ಎಚ್‌ಡಿ ರೆಡಿ’ ಎಂದರೆ ಬಹುಪಾಲು 1366×768, ‘ಫುಲ್ ಎಚ್‌ಡಿ’ ಎಂದರೆ 1920×1080. 43 ಇಂಚಿಗೆ ಹೋಗುವವರು ಎರಡನೆಯದಕ್ಕಿಂತ ಕಡಿಮೆಯದನ್ನು ಕೊಳ್ಳಬೇಡಿ.